ಬೇರೆ ಬೇರೆ ಊರಲ್ಲಿರುವ ಮನೆಮಂದಿ ಸೇರಿ ವರ್ಚುವಲ್ ವಾಕಿಂಗ್ ಚಾಲೆಂಜ್ ಮಾಡುವುದು ಹೇಗೆ?

ನೀವು ಎಂಟು ಜನ, ಐದು ಊರು, ಮೂರು ತಿಂಗಳು ಸಮಯ ಅಂತ ಬರೆದಿದ್ದೀರಿ. ಎಲ್ಲರೂ ಅವರವರ ಊರಲ್ಲೇ ನಡೆದು, ಆ ದೂರವನ್ನು ನಕ್ಷೆಯ ಮೇಲಿನ ಒಂದು ದಾರಿಗೆ ಸೇರಿಸುತ್ತಾ ಹೋಗಬೇಕು. ಇದಕ್ಕೆ ಯಾವ ಆ್ಯಪ್, ಲೆಕ್ಕ ಹೇಗೆ, ಅರ್ಧಕ್ಕೇ ಕೈಬಿಡದ ಹಾಗೆ ಏನು ಮಾಡೋದು ಅನ್ನೋದು ನಿಮ್ಮ ಪ್ರಶ್ನೆ. ನಮ್ಮ ಮನೆಯಲ್ಲಿ ಇದನ್ನು ಎರಡು ಸಲ ಮಾಡಿದ್ದೇವೆ. ಮೊದಲನೇ ಸಲ ಪೂರ್ತಿ ಕೆಟ್ಟಿತು. ಅದನ್ನೇ ಮೊದಲು ಹೇಳುತ್ತೇನೆ.

ನಾವು ಹನ್ನೊಂದು ಜನ. ನಾನು ಮೈಸೂರಿನಲ್ಲಿ, ಅಮ್ಮ ಮತ್ತು ಸೋದರಮಾವನ ಮನೆಯವರು ಅರಕಲಗೂಡು ಕಡೆ, ಅಣ್ಣ ಅತ್ತಿಗೆ ನ್ಯೂಜೆರ್ಸಿಯಲ್ಲಿ, ಉಳಿದವರು ಬೆಂಗಳೂರು, ಹುಬ್ಬಳ್ಳಿ ಅಂತ ಚದುರಿದ್ದಾರೆ. ಬೆಂಗಳೂರಿನಿಂದ ಹಂಪಿಗೆ ನಡೆಯೋಣ ಅಂತ ಹೊರಟೆವು. ರಸ್ತೆಯಲ್ಲಿ ಸುಮಾರು 340 ಕಿ.ಮೀ. ಎಲ್ಲರ ದೂರವನ್ನೂ ಕೂಡಿಸಿ ಮುಂದೆ ಹೋಗೋದು ಅಂತ ಮಾತಾಗಿತ್ತು. ಹೊಸ ಹುರುಪು, ದಿನಕ್ಕೆ ಒಬ್ಬೊಬ್ಬರದು ಐದು ಕಿ.ಮೀ. ಅಂದರೂ ಐವತ್ತರ ಮೇಲಾಯಿತು. ಏಳನೇ ದಿನಕ್ಕೆ ಹಂಪಿ! ಚಿತ್ರದುರ್ಗದ ಕೋಟೆಯ ಫೋಟೋ ಹುಡುಕಿ ಗ್ರೂಪಿಗೆ ಹಾಕುವಷ್ಟರಲ್ಲಿ ಚಿತ್ರದುರ್ಗ ಹಿಂದೆ ಬಿದ್ದಿತ್ತು. ಬಸ್ಸಿನಲ್ಲಿ ಹೋಗಿದ್ದರೆ ಇದಕ್ಕಿಂತ ಹೆಚ್ಚು ನೋಡುತ್ತಿದ್ದೆವು ಅಂದರು ಚಿಕ್ಕಪ್ಪ.

ಜೊತೆಗೆ ಆ ಸಲ ಹೆಸರಿನ ಪಟ್ಟಿಯೂ ಇತ್ತು: ಮೊದಲು ಯಾರು, ಕೊನೆಗೆ ಯಾರು. ಇಂಥ ಪಟ್ಟಿ ಮನೆಯವರ ನಡುವೆ ತರಬೇಡಿ, ದಮ್ಮಯ್ಯ. ಮೂರನೇ ದಿನಕ್ಕೆ ಅಕ್ಕನ ಮಗ ಒಂದೇ ಮಧ್ಯಾಹ್ನ ನಾಲ್ಕು ಸಾವಿರ ಹೆಜ್ಜೆ ಏರಿದ. ಆಮೇಲೆ ಗೊತ್ತಾಯಿತು, ತಂಗಿಯ ಮಗುವಿನ ಜೋಲಿಗೆ ಫೋನ್ ಕಟ್ಟಿದ್ದ. ಮಗು ನಿದ್ದೆ ಮಾಡಿತು, ಇವನು ತುಮಕೂರು ದಾಟಿದ. ಅತ್ತ ನಾದಿನಿಗೆ ಸಿಟ್ಟು, ಇತ್ತ ನನಗೂ ಒಳಗೊಳಗೇ ಸಿಟ್ಟು. ದಿನವಿಡೀ ಅಡುಗೆಮನೆ, ಹಿತ್ತಿಲು, ಮಹಡಿ ಅಂತ ಓಡಾಡಿದ ನಮ್ಮ ಲೆಕ್ಕ ಎರಡು ಸಾವಿರ. ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹೊಡೆದ ಗಂಡಸರದ್ದು ಏಳು ಸಾವಿರ. ಕಾರಣ ಇಷ್ಟೇ: ನೈಟಿಗೆ ಜೇಬಿಲ್ಲ. ಫೋನ್ ಫ್ರಿಜ್ಜಿನ ಮೇಲೆ ಕೂತಿದ್ದರೆ ಹೆಜ್ಜೆ ಎಣಿಸೋದು ಯಾರು? ವಾಚ್ ಕಟ್ಟಿಕೊಂಡರೆ ಸರಿಹೋಗುತ್ತೆ ಅಂತಾರೆ, ಅದೂ ಅರ್ಧ ಮಾತು. ವಾಚು ನೋಡೋದು ಕೈ ಆಡುವುದನ್ನು. ಚಪಾತಿ ಹಿಟ್ಟು ನಾದಿದರೆ ಒಂದಷ್ಟನ್ನು ಹೆಜ್ಜೆ ಅಂತ ಬರೆದುಕೊಳ್ಳುತ್ತೆ. ಅಂಗಡಿಯಲ್ಲಿ ಟ್ರಾಲಿ ಹಿಡಿದು ಅರ್ಧ ಗಂಟೆ ತಳ್ಳಿದರೆ, ಕೈ ಅಲುಗದ ಕಾರಣ, ಬಹಳಷ್ಟನ್ನು ನುಂಗಿಬಿಡುತ್ತೆ. ಈ ಜಗಳಕ್ಕೆ ಮದ್ದು ಕಂಡುಹಿಡಿದದ್ದು ಅಮ್ಮ. ಎಲೆಅಡಿಕೆಯ ಸಂಚಿಗೆ ಫೋನ್ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸುಣ್ಣದ ಡಬ್ಬಿಯ ಪಕ್ಕ ಫೋನು. ನಾನೂ ಅಂಥದ್ದೇ ಒಂದು ಬಟ್ಟೆ ಚೀಲ ಹೊಲಿಸಿಕೊಂಡೆ. ಮೊದಲ ದಿನವೇ 6,800!

ಎರಡನೇ ಸಲ ಕಾವೇರಿ ಹಿಡಿದೆವು. ತಲಕಾವೇರಿಯಿಂದ ಪೂಂಪುಹಾರ್‌ವರೆಗೆ ಸುಮಾರು 800 ಕಿ.ಮೀ.: ಕರ್ನಾಟಕದಲ್ಲಿ 320, ಎರಡು ರಾಜ್ಯದ ಗಡಿಯಾಗಿ 64, ಮಿಕ್ಕ 416 ತಮಿಳುನಾಡಿನಲ್ಲಿ. ತೀರ್ಥೋದ್ಭವದ ದಿನ, ತುಲಾ ಸಂಕ್ರಮಣಕ್ಕೆ ಹೊರಟರೆ ಚೆನ್ನ ಅಂದರು ಮಾವ. ಹಾಗಾಗಿ ಅಕ್ಟೋಬರ್ 17.

ಆ್ಯಪ್ ವಿಷಯ ಬೇಗ ಮುಗಿಸುತ್ತೇನೆ. ದುಡ್ಡು ಕಟ್ಟಿ ಸೇರುವಂಥವು ಇವೆ. ಕಾಂಕರರ್ ಅನ್ನೋದರಲ್ಲಿ ಮುಗಿಸಿದವರಿಗೆ ಪದಕ ಮನೆಗೇ ಬರುತ್ತೆ, ಮಕ್ಕಳಿದ್ದರೆ ಅದಕ್ಕೊಂದು ಮಜಾ ಇದೆ. ನಮಗೆ ಬೇಕಾದ್ದು ನಮ್ಮದೇ ದಾರಿ. ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ನದಿಯ ಉದ್ದಕ್ಕೂ ಒಂದು ಗೆರೆ ಎಳೆದೆ (ಎರಡು ಸಂಜೆ ಹಿಡಿಯಿತು, ನದಿ ಎಷ್ಟು ತಿರುಗುತ್ತೆ ಅಂತ ಗೊತ್ತಾಗೋದು ಆಗಲೇ). ಒಂದು ಗೂಗಲ್ ಶೀಟ್, ಒಂದು ವಾಟ್ಸಾಪ್ ಗ್ರೂಪ್. ರಾತ್ರಿ ಒಂಬತ್ತಕ್ಕೆ ಎಲ್ಲರೂ ಅವತ್ತಿನ ಹೆಜ್ಜೆ ಕಳಿಸೋದು, ನಾನು ತುಂಬಿಸೋದು, ಚುಕ್ಕೆ ಸರಿಸೋದು. ಹನ್ನೊಂದು ಚುಕ್ಕೆ ಅಲ್ಲ, ಎಲ್ಲರಿಗೂ ಸೇರಿ ಒಂದೇ ಚುಕ್ಕೆ. ಯಾರು ಎಲ್ಲಿ ನಡೆದರು ಅನ್ನೋ ಲೊಕೇಶನ್ ಯಾರಿಗೂ ಬೇಡ, ಸಂಖ್ಯೆ ಸಾಕು. ಒಂದೇ ಚುಕ್ಕೆಯಾದ ಮೇಲೆ ಜೋಲಿಯ ಆಟವೂ ನಿಂತಿತು. ಸೋಲಿಸೋಕೆ ಯಾರೂ ಇಲ್ಲದಿದ್ದರೆ ಮೋಸ ಮಾಡಿ ಏನು ಪ್ರಯೋಜನ?

ಲೆಕ್ಕದ ಬಗ್ಗೆ ಸ್ವಲ್ಪ ತಾಳ್ಮೆಯಿಂದ ಓದಿ, ಇಲ್ಲೇ ಎಲ್ಲ ಕೆಡೋದು. ಕೂಡಿಸಿದರೆ 800 ಕಿ.ಮೀ. ಹದಿನೈದು ದಿನಕ್ಕೆ ಮುಗಿದುಹೋಗುತ್ತೆ. ಆದ್ದರಿಂದ ಸರಾಸರಿ ಅಂದುಕೊಂಡೆವು. ಆದರೆ ಸರಾಸರಿ ಶುರುವಾದ ನಾಲ್ಕೇ ದಿನಕ್ಕೆ ಅಮ್ಮ ಫೋನ್ ಮಾಡಿ, "ನನ್ನಿಂದ ನಿಮಗೆಲ್ಲ ಹಿನ್ನಡೆ ಆಗ್ತಾ ಐತಂತೆ, ನನ್ ಬಿಟ್ಬಿಡಿ" ಅಂದರು. ಯಾರೋ ಮೊಮ್ಮಕ್ಕಳು ಹೇಳಿರಬೇಕು. ಎಪ್ಪತ್ತಾರು ವಯಸ್ಸು, ಮಂಡಿ ನೋವು, ದಿನಕ್ಕೆ ಎರಡು ಸಾವಿರ ಹೆಜ್ಜೆ ದಾಟಿದರೆ ಹೆಚ್ಚು. ಸರಾಸರಿಯಲ್ಲಿ ಅವರು ನಡೆದಷ್ಟೂ ನಮ್ಮನ್ನು ಹಿಂದಕ್ಕೆ ಎಳೆದ ಹಾಗೇ ಕಾಣುತ್ತೆ. ಅವತ್ತೇ ನಿಯಮ ಬದಲಿಸಿದೆ. ಒಟ್ಟು ಹೆಜ್ಜೆಯನ್ನು ದಿನವೂ ಹತ್ತರಿಂದ ಭಾಗಿಸೋದು. ಯಾರು ನಡೆಯಲಿ ಬಿಡಲಿ, ಹತ್ತು ಅಂದರೆ ಹತ್ತು. ಅಮ್ಮ ಭಾಜ್ಯದಲ್ಲಿ (ಒಟ್ಟು ಹೆಜ್ಜೆಯಲ್ಲಿ) ಇದ್ದಾರೆ, ಭಾಜಕದಲ್ಲಿ (ಭಾಗಿಸುವ ಹತ್ತರಲ್ಲಿ) ಇಲ್ಲ. ಅಂದರೆ ಅವರು ಇಟ್ಟ ಪ್ರತಿ ಹೆಜ್ಜೆಯೂ ಮುಂದಕ್ಕೇ. ಜ್ವರ ಬಂದು ಮಲಗಿದವರ ಹೆಸರು ಹಿಡಿದು ಲೆಕ್ಕ ಕೇಳುವವರೂ ಇಲ್ಲ, ಯಾಕಂದರೆ ಹೊರಗೆ ಕಾಣೋದು ಒಂದೇ ಸಂಖ್ಯೆ.

ಹೆಜ್ಜೆಯನ್ನು ದೂರಕ್ಕೆ ತಿರುಗಿಸಲು ಎಲ್ಲರಿಗೂ ಒಂದೇ ದರ ಇಟ್ಟೆವು: 1,400 ಹೆಜ್ಜೆಗೆ ಒಂದು ಕಿ.ಮೀ. ಅಣ್ಣನ ದಾಪುಗಾಲಿಗೂ ಅಮ್ಮನ ಪುಟ್ಟ ಹೆಜ್ಜೆಗೂ ಒಂದೇ ಬೆಲೆ. ಕರಾರುವಾಕ್ಕಲ್ಲ, ಆದರೆ ಜಗಳ ಇಲ್ಲ. ದಿನಕ್ಕೆ ತಲಾ ಹತ್ತು ಸಾವಿರ ಹೆಜ್ಜೆ ಕಡ್ಡಾಯ ಮಾಡೋಣ ಅಂತ ಅಕ್ಕನ ಮಗ ಹಟ ಹಿಡಿದಿದ್ದ. ಆ ಹತ್ತು ಸಾವಿರ ಯಾವ ವೈದ್ಯರೂ ಅಳೆದು ಕೊಟ್ಟದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರು ಅದು, 'ಮಂಪೊ ಕೇ', ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ. 2019ರಲ್ಲಿ ವಯಸ್ಸಾದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು, 7,500ರ ಸುಮಾರಿಗೆ ಆ ಲಾಭ ಒಂದು ಮಟ್ಟಕ್ಕೆ ಬಂದು ನಿಂತಿತ್ತು. ಇದನ್ನು ಗ್ರೂಪಿಗೆ ಹಾಕಿದ ಮೇಲೆ ಅವನು ಸುಮ್ಮನಾದ. ನಮ್ಮ ದಿನದ ಮುನ್ನಡೆ ನಾಲ್ಕೂವರೆ ಕಿ.ಮೀ. ಆಸುಪಾಸಿಗೆ ಬಂದು ನಿಂತಿತು.

ರಾತ್ರಿ ಅಮ್ಮನ ಲೆಕ್ಕ ಮಾತ್ರ ಫೋನಿನಲ್ಲೇ ಬರುತ್ತಿತ್ತು. ಕನ್ನಡಕ ಹುಡುಕಿ, ಪರದೆ ನೋಡಿ, ಒಂದೊಂದೇ ಅಂಕಿ ಓದೋರು: "ಎರಡು... ಒಂದು... ಸೊನ್ನೆ... ನಾಕು." ಆಮೇಲೆ ತಪ್ಪದೆ ಒಂದು ಪ್ರಶ್ನೆ: "ಈಗ ಎಲ್ಲಿದ್ದೀವಿ?" ಭಾಗಮಂಡಲ, ಕುಶಾಲನಗರ ಅಂತ ಹೇಳುತ್ತಾ ನವೆಂಬರ್ ನಡುವಿಗೆ ರಾಮನಾಥಪುರ ಅಂದೆ. ಅದು ಅವರ ತವರು ಕಡೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. "ಅಲ್ಲಿಂದ ಓಡ್ಬೇಡ್ರೋ, ಒಂದಿನ ಉಳ್ಕಳಿ. ದೇವರ ಮೀನಿಗೆ ಪುರಿ ಹಾಕ್ದೆ ಯಾರಾದ್ರೂ ಹೋಗ್ತಾರ?" ರಾಮೇಶ್ವರ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ಹಿಡಿಯದೆ ಬಿಟ್ಟ ದೊಡ್ಡ ದೊಡ್ಡ ಮೀನುಗಳಿವೆ, ಅವುಗಳ ಮಾತು. ಚುಕ್ಕೆಯನ್ನು ಒಂದು ದಿನ ನಿಲ್ಲಿಸಿದೆ. ಆ ರಾತ್ರಿ ಗ್ರೂಪಿನಲ್ಲಿ ಅಮ್ಮ ಹೇಳಿದ ಕಥೆಗಳನ್ನು ನಾವು ಯಾರೂ ಮೊದಲು ಕೇಳಿರಲಿಲ್ಲ, ಅಣ್ಣನೂ ಸೇರಿ. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು: ದಾರಿಯ ಒಂದೊಂದು ತುಂಡಿಗೆ ಒಬ್ಬೊಬ್ಬರು ಹೊಣೆ, ಆ ಊರಿನ ಬಗ್ಗೆ ಏನಾದರೂ ಹೇಳಬೇಕು, ಇಂಟರ್‌ನೆಟ್ಟಿನಿಂದ ಎತ್ತಿ ಹಾಕುವ ಹಾಗಿಲ್ಲ. ಕೆ.ಆರ್.ಎಸ್. ಬಂದಾಗ ದೊಡ್ಡ ಚರ್ಚೆ, ನೀರಿನ ಮೇಲೆ ನಡೆಯೋದೋ ದಡ ಸುತ್ತೋದೋ ಅಂತ. ಹಳೇ ಕನ್ನಂಬಾಡಿ ನೀರಡಿಯಲ್ಲಿದೆ, ಅದರ ಬೀದಿಯಲ್ಲೇ ನಡೆದೆವು ಅಂತ ತೀರ್ಮಾನವಾಯಿತು.

ಈಗ ನಮ್ಮ ದೊಡ್ಡ ಎಡವಟ್ಟು. ಡಿಸೆಂಬರ್‌ನಲ್ಲಿ ಚುಕ್ಕೆ ತಿರುಮಕೂಡಲು ನರಸೀಪುರದಲ್ಲಿತ್ತು. ಅಣ್ಣ ಶೀಟ್ ನೋಡಿ, "ಏನೇ ಇದು, ನನ್ನ ಮೂರಕ್ಕೆ ಮೂರೇ ಹಾಕಿದ್ದೀಯ?" ಅಂದ. ಅವರಿಬ್ಬರೂ ಹೆಜ್ಜೆಯ ಬದಲು ದೂರ ಕಳಿಸುತ್ತಿದ್ದರು, ಅದೂ ಮೈಲಿಯಲ್ಲಿ. ಎರಡು ತಿಂಗಳಿಂದ ನಾನು ಅದನ್ನು ಕಿಲೋಮೀಟರ್ ಅಂತ ತುಂಬುತ್ತಿದ್ದೆ. ಇಬ್ಬರದೂ ಸೇರಿ 360 ಮೈಲಿ, ಅಂದರೆ ಸುಮಾರು 579 ಕಿ.ಮೀ.; 219 ಕಿ.ಮೀ. ನನ್ನ ಶೀಟಿನಲ್ಲಿ ಮಾಯವಾಗಿತ್ತು. ಹತ್ತರಿಂದ ಭಾಗಿಸಿದರೆ 22. ಸರಿಮಾಡಿ ಎಂಟರ್ ಒತ್ತಿದೆ, ನರಸೀಪುರದ ಸಂಗಮದಲ್ಲಿದ್ದ ಚುಕ್ಕೆ ತಲಕಾಡಿನಲ್ಲಿ ಹೋಗಿ ಕೂತಿತು. ತಲಕಾಡಿನ ಹೊಣೆ ಅತ್ತಿಗೆಯದು; ಅವಳಿಗೆ ಇನ್ನೂ ನಾಲ್ಕು ದಿನ ಇದೆ ಅಂದುಕೊಂಡಿದ್ದಳು, ಅಲಮೇಲಮ್ಮನ ಶಾಪದ ಕಥೆಯನ್ನು ಅಲ್ಲಿಂದಲೇ ನಿದ್ದೆಗಣ್ಣಿನಲ್ಲಿ ಹೇಳಿದಳು. "ತಲಕಾಡು ಮರಳಾಗಲಿ" ಅಂದಾಗ ಹಿಂದೆ ಹಿಮ ಗುಡಿಸುವ ಯಂತ್ರದ ಸದ್ದು. ತಮಾಷೆ ಅಂದರೆ ಮೈಲಿ ಅನ್ನೋ ಪದದ ಮೂಲವೇ ಹೆಜ್ಜೆ ಲೆಕ್ಕ. ರೋಮನ್ನರ ಸಾವಿರ ಜೋಡಿಹೆಜ್ಜೆಗೆ ಲ್ಯಾಟಿನ್ನಿನಲ್ಲಿ ಇದ್ದ ಹೆಸರಿನಿಂದ ಬಂದದ್ದು. ನಮ್ಮ ಮಾವ ಈಗಲೂ ಮೈಲಿಯಲ್ಲೇ ಮಾತಾಡೋದು, ಅವರನ್ನು ಮೊದಲೇ ಕೇಳಿದ್ದರೆ ನಾನು ಎಚ್ಚರವಾಗಿರುತ್ತಿದ್ದೆ.

ಅರ್ಧದಲ್ಲಿ ಕೈಬಿಡುವ ಭಯ ನಿಮಗಿದೆಯಲ್ಲ, ಅದು ಬಂದೇ ಬರುತ್ತೆ. ನಮಗೆ ಬಂದದ್ದು ಶಿವನಸಮುದ್ರದ ನಂತರ. ಅಲ್ಲಿಯವರೆಗೆ ಭರ್ಜರಿಯಾಗಿತ್ತು. ಕರೆಂಟು ಇಲಾಖೆಯಲ್ಲಿ ದುಡಿದು ನಿವೃತ್ತರಾದ ಚಿಕ್ಕಪ್ಪ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದರು: 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದದ್ದು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದು. ಅದಾದ ಮೇಲೆ ಮುತ್ತತ್ತಿ, ಮೇಕೆದಾಟು, ಬರೀ ಕಾಡು. ಊರಿಲ್ಲ, ಹೇಳೋಕೆ ಕಥೆಯಿಲ್ಲ, ಜನವರಿಯ ಚಳಿ, ಅಣ್ಣನ ಕಡೆ ಮೊಣಕಾಲುದ್ದ ಹಿಮ. ಮೂರು ಜನ ಲೆಕ್ಕ ಕಳಿಸೋದೇ ನಿಲ್ಲಿಸಿದರು. ನಾನು ಬೈದೆ, ಅದರಿಂದ ಇನ್ನೊಬ್ಬರು ಕಮ್ಮಿಯಾದರು. ಬೈಯಬೇಡಿ. ಸಂಖ್ಯೆ ಬರದಿದ್ದರೆ ಸೊನ್ನೆ ಹಾಕಿ ಮುಂದೆ ಹೋಗಿ, ಚುಕ್ಕೆ ದಿನಕ್ಕೆ ಎರಡೇ ಕಿ.ಮೀ. ಸರಿದರೂ ಸರಿಸಿ. ಹೊಗೇನಕಲ್ ಬಂದಾಗ ಎಲ್ಲರಿಗೂ ಅಲ್ಲಿನ ತೆಪ್ಪ, ಕರಿದ ಮೀನು ನೆನಪಾಗಿ ತಾವಾಗಿಯೇ ವಾಪಸ್ ಬಂದರು.

ಮೊದಲಿಂದಲೂ ಗೇಲಿ ಮಾಡುತ್ತಿದ್ದವರು ಮಾವ. ಪ್ರತಿ ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಿಜವಾಗಿಯೂ ನಡೆದು ಹೋಗುವ ಮನುಷ್ಯ, "ಕೂತಲ್ಲೇ ಕಾಶಿಯಾತ್ರೆ ನಿಮ್ದು" ಅನ್ನೋರು. ಅವರ ಹೆಸರು ಶೀಟಿನಲ್ಲಿತ್ತು, ಸಂಖ್ಯೆ ಅತ್ತೆ ಕಳಿಸುತ್ತಿದ್ದರು. ಶಿವರಾತ್ರಿ ಮುಗಿಸಿ ಬಂದವರೇ ಖುದ್ದಾಗಿ ಫೋನ್ ಮಾಡಿದರು. ಕೀಪ್ಯಾಡ್ ಫೋನು, ಹೆಜ್ಜೆ ಲೆಕ್ಕ ಎಲ್ಲಿಂದ? ಮೈಲಿಗಲ್ಲು ನೋಡಿ ಬಾಯಿಲೆಕ್ಕ ಹಾಕಿಟ್ಟಿದ್ದರು. "ಬರ್ಕ. ಕಾಲಲ್ಲಿ ಬೊಬ್ಬೆ ಬಂದವೆ, ಸುಮ್ನೆ ಹೋಗ್ಬಾರ್ದು" ಅಂದರು. ನೂರಮೂವತ್ತು ಕಿ.ಮೀ., ಹತ್ತರಿಂದ ಭಾಗಿಸಿದರೆ ಹದಿಮೂರು. ಮಾವ ಚಾರ್ಮಾಡಿಯಲ್ಲಿ ನಡೆದದ್ದಕ್ಕೆ ನಮ್ಮ ಚುಕ್ಕೆ ತಿರುಚಿರಾಪಳ್ಳಿಯ ಕಡೆಗೆ ಸರಿಯಿತು. ಏಪ್ರಿಲ್ ಎರಡನೇ ವಾರ ಸಮುದ್ರ ಮುಟ್ಟಿದೆವು.

ನಿಮ್ಮ ಲೆಕ್ಕಕ್ಕೆ ಬರೋಣ. ಮೂರು ತಿಂಗಳು ಅಂದರೆ ತೊಂಬತ್ತು ದಿನ, ದಿನಕ್ಕೆ ನಾಲ್ಕು ಕಿ.ಮೀ. ಹಿಡಿದರೆ 360. ನಾವು ಏಳು ದಿನಕ್ಕೆ ಕೆಡಿಸಿದ ಬೆಂಗಳೂರು–ಹಂಪಿ ದಾರಿ ನಿಮಗೆ ಅಳತೆ ಮಾಡಿಸಿದ ಹಾಗೆ ಸರಿಹೋಗುತ್ತೆ: ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ. ಮಿಕ್ಕ ಇಪ್ಪತ್ತು ಕಿ.ಮೀ. ಖಾಯಿಲೆ ಕಸಾಲೆಗೆ ಇರಲಿ. ನಿಮ್ಮಲ್ಲಿ ಯಾರಿಗಾದರೂ ಆ ದಾರಿಯಲ್ಲಿ ತವರೋ ಹಳೇ ಕೆಲಸದ ಊರೋ ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ಇರುವ ದಾರಿ ಹುಡುಕಿ. ಎಂಟು ಜನರಲ್ಲಿ ವಯಸ್ಸಾದವರು ಒಬ್ಬರಿದ್ದರೆ ಏಳರಿಂದ ಭಾಗಿಸಿ. ಮತ್ತೆ ಮೊದಲ ರಾತ್ರಿಯೇ ಕೇಳಿಕೊಳ್ಳಿ, ಮೈಲಿಯವರು ಯಾರ್‍ಯಾರು ಅಂತ.