ಕುದುರೆ ಮೇಲೆ ಹೋದರೂ ತಲೆನೋವು ಬರುತ್ತೆ ಸ್ವಾಮಿ

ಇಲ್ಲಿ ಜಡಿಮಳೆ ಹಿಡಿಯುತ್ತಿದ್ದ ಹಾಗೆ ನಮ್ಮ ಶಿವಮೊಗ್ಗದವರಿಗೆ ಎಲ್ಲಾದರೂ ಒಣ ಬೆಟ್ಟ ನೋಡುವ ಆಸೆ. ಈಚೆಗೆ ಅದೂ ಕುದುರೆ ಮೇಲೆ. ಕ್ಲಿನಿಕ್ಕಿಗೆ ಬರುವವರು, ಈ ಅಂಕಣಕ್ಕೆ ಬರೆಯುವವರು ಎಲ್ಲರದ್ದೂ ಅವೇ ಪ್ರಶ್ನೆ. ಒಂದಕ್ಕೆ ಮಾತ್ರ ಉದ್ದ ಉತ್ತರ ಬರೆಯುತ್ತೇನೆ, ಅದರಲ್ಲಿ ಜೀವ ಹೋಗುವ ವಿಷಯ ಇದೆ. ಸ್ವೆಟರ್, ಟಾರ್ಚಿನ ಪಟ್ಟಿ ನನ್ನನ್ನು ಕೇಳಬೇಡಿ.

ಡಾಕ್ಟ್ರೇ, ಜುಲೈನಲ್ಲಿ ನಾನು, ನಮ್ಮನೆಯವರು ಕಿರ್ಗಿಸ್ತಾನಕ್ಕೆ ಹೋಗ್ತಿದೀವಿ. ಗೈಡ್ ಜೊತೆ ಮೂರು ದಿನ ಕುದುರೆ ಮೇಲೆ ಸೋಂಗ್‌ಕುಲ್ ಸರೋವರಕ್ಕೆ. ಬೆಟ್ಟ ಹತ್ತೋದು ಕುದುರೆ ಅಲ್ವಾ, ನಮಗೇನಾಗುತ್ತೆ? ಗೆಳೆಯರು ಕರ್ಪೂರ ಮೂಸಿದ್ರೆ ಸಾಕು ಅಂತಾರೆ. – ಓದುಗರು, ಸಾಗರ

ಕೊಡಚಾದ್ರಿಗೆ ಜೀಪಿನಲ್ಲಿ ಹೋದರೆ ಮೇಲೆ ಚಳಿ ಆಗಲ್ವಾ? ಹತ್ತಿದ್ದು ಜೀಪು, ನಡುಗಿದ್ದು ನೀವು. ಇದೂ ಹಾಗೇ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ರಕ್ತಕ್ಕೆ ಆಮ್ಲಜನಕ ಸಾಲುವುದಿಲ್ಲ. ಸೋಂಗ್‌ಕುಲ್ ಇರುವುದು 3,016 ಮೀಟರ್ ಎತ್ತರದಲ್ಲಿ. ಅಲ್ಲಿನ ಒತ್ತಡ ಸಮುದ್ರಮಟ್ಟದ ಸುಮಾರು ನೂರಕ್ಕೆ ಎಪ್ಪತ್ತರಷ್ಟು. ಇದರಿಂದ ಬರುವ ಎತ್ತರದ ಕಾಯಿಲೆ ಶುರುವಾಗುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಇಲ್ಲ, ಹಾಗಾಗಿ 'ನಾನು ಪ್ರತಿ ವರ್ಷ ಟ್ರೆಕ್ ಮಾಡ್ತೀನಿ' ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ. ಜಿಮ್ಮಿಗೂ ಇಲ್ಲ. ಗಟ್ಟಿಮುಟ್ಟಾದ ಹುಡುಗರೇ ಸುಮ್ನೆ ಜಂಬಕ್ಕೆ ತಲೆನೋವು ಮುಚ್ಚಿಟ್ಟು ಹೆಚ್ಚು ಪಾಡು ಪಡುತ್ತಾರೆ.

ನನ್ನ ಕೇಳಿದರೆ ಕುದುರೆ ಮೇಲಿನ ಪ್ರಯಾಣದಲ್ಲೇ ಎಚ್ಚರ ಜಾಸ್ತಿ ಬೇಕು. ನಡೆಯುವವನಿಗೆ ಏದುಸಿರು ಬಂದು ತಾನಾಗಿ ನಿಲ್ಲುತ್ತಾನೆ. ಕುದುರೆ ಮೇಲೆ ಕೂತವನಿಗೆ ಆ ಸೂಚನೆಯೇ ಇಲ್ಲ, ಒಂದೇ ದಿನದಲ್ಲಿ ಸಾವಿರ ಮೀಟರ್ ಏರಿಬಿಟ್ಟಿರುತ್ತಾನೆ. ಸಂಜೆ ತಲೆ ಸಿಡಿದರೆ ಬಿಸಿಲು ಅಂತಾನೆ, ಕುಲುಕಾಟ ಅಂತಾನೆ. ಎತ್ತರಕ್ಕೆ ಹೋದ ಮೇಲೆ ಬಂದ ತಲೆನೋವು, ಜೊತೆಗೆ ಊಟ ಸೇರದಿರುವುದು, ವಾಕರಿಕೆ, ಸುಸ್ತು ಇದ್ದರೆ, ಬೇರೆ ಕಾರಣ ಖಚಿತವಾಗುವವರೆಗೂ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಿರಿ.

ಇದಕ್ಕಿಂತ ಹೆದರಬೇಕಾದದ್ದು ಮಿದುಳಿನ ಊತ. ಅದರ ಮುಖ್ಯ ಗುರುತು ನಡಿಗೆ ತಡವರಿಸುವುದು. ಕುದುರೆ ಮೇಲಿದ್ದವನ ನಡಿಗೆ ಯಾರಿಗೆ ಕಾಣಬೇಕು? ಸಾಲದ್ದಕ್ಕೆ ಮೊದಲ ದಿನ ಜೀನಿನಿಂದ ಇಳಿದವರೆಲ್ಲ ತೊಡೆ ಹಿಡಿದುಕೊಂಡು ಕಾಲು ಅಗಲಿಸಿಯೇ ನಡೆಯುತ್ತಾರೆ. ಅದಕ್ಕೇ ಸಂಜೆ ಇಳಿದು ಸ್ವಲ್ಪ ಹೊತ್ತು ಕಾಲು ಸಡಿಲಿಸಿಕೊಂಡ ಮೇಲೆ ಒಬ್ಬೊಬ್ಬರೂ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ಇಡಿ. ತೊಡೆ ನೋವಿದ್ದವನು ಮುಲುಗುತ್ತಾನೆ, ಆದರೆ ಗೆರೆ ಬಿಡುವುದಿಲ್ಲ. ಪಕ್ಕಕ್ಕೆ ವಾಲುತ್ತಿದ್ದರೆ, ಮಾತು ಗೊಂದಲವಾಗಿದ್ದರೆ, ಬೆಳಗಿನ ತನಕ ಕಾಯಬೇಡಿ, ಕೆಳಗಿಳಿಸಿ. ಅಂಥವನನ್ನು ಒಬ್ಬನೇ ಕುದುರೆ ಮೇಲೆ ಕೂರಿಸಬೇಡಿ, ಬಿದ್ದುಹೋಗುತ್ತಾನೆ. ಕೂತಲ್ಲೇ ಉಬ್ಬಸ, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ. ಅವನನ್ನು ಮಾತ್ರ ನಡೆಸಬೇಡಿ, ಕುದುರೆ ಮೇಲೆ ಕೂರಿಸಿ ಇಬ್ಬರು ಪಕ್ಕದಲ್ಲಿ ಹಿಡಿದುಕೊಂಡು ಇಳಿಸಿ.

ಕರ್ಪೂರ ಮೂಗು ಬಿಟ್ಟ ಹಾಗೆ ಅನಿಸುತ್ತದೆ, ಅಷ್ಟೇ. ರಕ್ತಕ್ಕೆ ಒಂದು ಚೂರೂ ಆಮ್ಲಜನಕ ಸೇರಿಸುವುದಿಲ್ಲ. ನುಂಗಿದರೆ ಫಿಟ್ಸ್ ಬರಬಹುದು. ಸಕ್ಕರೆ ಗುಳಿಗೆ ಮಾರುವವರು, ಬೆಳ್ಳುಳ್ಳಿ ಕಷಾಯ ಹೇಳುವವರು, 'ಒಂದು ಪೆಗ್ ಹಾಕಿ, ಬೆಚ್ಚಗಿರುತ್ತೆ' ಅನ್ನುವವರು ಯಾರೂ ನಿಮ್ಮ ಜೊತೆ ರಾತ್ರಿ ಮೂರು ಗಂಟೆಗೆ ಡೇರೆಯಲ್ಲಿ ಇರುವುದಿಲ್ಲ. ನಿಜವಾಗಿ ಕೆಲಸ ಮಾಡುವುದು ನಿಧಾನವಾಗಿ ಏರುವುದು. ಸೋಂಗ್‌ಕುಲ್ ದಾರಿಯಲ್ಲಿ ಸಿಗುವ ಕೊಚ್ಕೋರ್ ಊರು ಸುಮಾರು 1,800 ಮೀಟರ್, ಅಲ್ಲೊಂದು ರಾತ್ರಿ, ನಡುದಾರಿಯಲ್ಲಿ ಒಂದು ರಾತ್ರಿ ಮಲಗಿ ಆಮೇಲೆ ಸರೋವರಕ್ಕೆ ಹೋಗಿ. 3,000 ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಅಸೆಟಜೋಲಮೈಡ್ ಮಾತ್ರೆ ನಿಜಕ್ಕೂ ಉಪಯೋಗ. ಮೇಲೆ ಏರುವ ಹಿಂದಿನ ದಿನವೇ ಶುರು ಮಾಡಿ 125 ಮಿ.ಗ್ರಾಂ ದಿನಕ್ಕೆರಡು ಸಲ, ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವ ಪ್ರಮಾಣ ಅದು. ಬೆರಳು ಜುಮ್ ಅನ್ನುತ್ತದೆ, ಗಾಬರಿ ಬೇಡ. ಸಲ್ಫಾ ಅಲರ್ಜಿ ಇದ್ದವರು, ಕಿಡ್ನಿ ತೊಂದರೆ ಇದ್ದವರು ವೈದ್ಯರಿಗೆ ತೋರಿಸದೆ ಮುಟ್ಟಬೇಡಿ. ಮೆಡಿಕಲ್ ಶಾಪಿನವರನ್ನು ಕೇಳಿದೆ ಅನ್ನುವುದು ತೋರಿಸಿದ ಲೆಕ್ಕಕ್ಕೆ ಬರುವುದಿಲ್ಲ.

ಮುಂಗಡ ಕಟ್ಟುವ ಮೊದಲು ಗೈಡನ್ನು ಕೇಳಿ: ಒಬ್ಬರಿಗೆ ಹುಷಾರು ತಪ್ಪಿದರೆ ಅವರ ಜೊತೆ ಯಾರು ಇಳಿಯುತ್ತಾರೆ, ರಸ್ತೆ ಎಷ್ಟು ಗಂಟೆ ದೂರ? 'ಯಾರಿಗೂ ಏನೂ ಆಗಲ್ಲ ಸಾರ್' ಅಂದರೆ ಬೇರೆ ಗೈಡ್ ಹುಡುಕಿ.

ಊಟಿಯಲ್ಲಿ ಕುದುರೆ ಹತ್ತಿದ್ದೆ, ಸಾಕಾ? – ಭದ್ರಾವತಿ

ಅದು ಫೋಟೋ.

ನನ್ನ ತೂಕ 104 ಕಿಲೋ. ಕುದುರೆಗೆ ಅದೆಲ್ಲ ಯಾವ ಲೆಕ್ಕ ಅಂತಾರೆ, ಹೌದಾ? – ತೀರ್ಥಹಳ್ಳಿ

ಅನ್ನುವವರು ಹೊರುವುದಿಲ್ಲವಲ್ಲ. ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು ಎಂದು ಸವಾರರ ಲೆಕ್ಕ. ಬೆಟ್ಟದ ಕುದುರೆಗಳು ಗಿಡ್ಡ. ತೂಕ ಸುಳ್ಳು ಹೇಳಿ ಬುಕ್ ಮಾಡಿದರೆ ಅದರ ಬೆನ್ನು ಹುಣ್ಣಾಗುತ್ತದೆ.

ವಿಮೆ ಬೇಕಾ? – ಹೊಸನಗರ

ಬೇಕು. ಕುದುರೆ ಸವಾರಿ ಮತ್ತು 3,000 ಮೀಟರ್ ಮೇಲಿನ ಎತ್ತರ ಎರಡೂ ಅದರಲ್ಲಿ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ.

ಬಿಪಿ ಮಾತ್ರೆ ತಗೊಳ್ತೀನಿ, ಹೋಗಬಹುದಾ? – ಸೊರಬ

ಯಾವ ಮಾತ್ರೆ, ಬಿಪಿ ಎಷ್ಟು, ವಯಸ್ಸೆಷ್ಟು, ಒಂದನ್ನೂ ಬರೆದಿಲ್ಲ. ನಿಮ್ಮ ಡಾಕ್ಟರಿಗೆ ಚೀಟಿ ತೋರಿಸಿ, ನಾನು ಶಾಸ್ತ್ರ ಹೇಳುವವನಲ್ಲ.