ತಗಡು ಬೇಡ, ಗೋಡೆ ಕಟ್ಟಿ ಅಂತೀರಾ ಮೇಷ್ಟ್ರೇ?

ಭರಮಸಾಗರ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಹೋದ ತಿಂಗಳು ನಮ್ಮ ಪಕ್ಕದ ಮನೆ ಹುಡುಗನ ಕಾರು ರಾತ್ರಿ ಹೊತ್ತು ಹೈವೇ ಬದಿಯ ತಗಡಿಗೆ ಬಡಿಯಿತು. ತಗಡು ತಡೆಯಲೇ ಇಲ್ಲ. ಕಾರು ಅದರ ಮೇಲೇರಿ ಆಚೆ ಹಳ್ಳಕ್ಕೆ ಉರುಳಿತು. ಹುಡುಗ ಬದುಕಿದ, ಒಂದು ಕಾಲು ಹೋಯಿತು. ಈ ಹಳೇ ತಗಡನ್ನೆಲ್ಲ ಕಿತ್ತು ಸಿಮೆಂಟ್ ಗೋಡೆ ಕಟ್ಟಬಾರದಾ? ಬ್ರಿಟನ್ನಿನಲ್ಲಿ ಹಾಗೆ ಮಾಡಿದ್ದಾರಂತೆ."

ಮೇಷ್ಟ್ರೇ,

ಪತ್ರ ಓದಿದ ಮೇಲೆ ಸುಮ್ನೆ ಕೂತು ಉತ್ತರ ಬರೆಯಲು ಮನಸ್ಸಾಗಲಿಲ್ಲ. ಮನೆಯವಳ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದುಕೊಂಡು ದಾವಣಗೆರೆಯಿಂದ ದುರ್ಗದ ಕಡೆ ಹೊರಟೆ. ಒಂದು ಸಣ್ಣ ಸೇತುವೆ ಹತ್ತಿರ ಸರ್ವೀಸ್ ರೋಡಿನಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲೇ ಮೆಕ್ಕೆಜೋಳ ಒಣಗಿಸುತ್ತಿದ್ದ ರೈತರೊಬ್ಬರು ನನ್ನ ಕೈಯಲ್ಲಿದ್ದ ಟೇಪು ನೋಡಿ, "ಏನ್ ಸಾರ್, ಮತ್ತೆ ರಸ್ತೆ ಅಗಲ ಮಾಡ್ತಾರಾ? ಇನ್ನೂ ಎಷ್ಟು ಜಮೀನು ಹೋಗುತ್ತೆ?" ಅಂತ ಗಾಬರಿಯಾದರು. ಅವರಿಗೆ ಸಮಾಧಾನ ಹೇಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ತಗಡಿನ ಮೇಲಂಚು ನೆಲದಿಂದ ಸುಮಾರು 70 ಸೆಂ.ಮೀ. ಎತ್ತರ ಇರಬೇಕು. ನಾನು ಅಳೆದ ಕಡೆ ಡಾಂಬರಿನಿಂದ 58 ಬಂತು. ಯಾರೂ ತಗಡನ್ನು ಕೆಳಕ್ಕೆ ತಳ್ಳಿಲ್ಲ, ರಸ್ತೆಯೇ ಮೇಲೆ ಬಂದಿದೆ. ಪ್ರತಿ ಸಲ ರಸ್ತೆಗೆ ಹೊಸ ಡಾಂಬರು ಹಾಕುತ್ತಾರೆ, ಕಂಬ ಮಾತ್ರ ಇದ್ದಲ್ಲೇ ಇರುತ್ತದೆ. ಕಾರಿನ ಮೂತಿಗೆ ತಾಗಬೇಕಾದ ತಗಡು ಕೊನೆಗೆ ಚಕ್ರಕ್ಕೆ ಮೆಟ್ಟಿಲಾಗುತ್ತದೆ. ನಿಮ್ಮ ಪಕ್ಕದ ಮನೆ ಹುಡುಗನಿಗೆ ಆಗಿದ್ದು ಇದೇನಾ ಅಂತ ನಾನು ಹೇಳಲಾರೆ. ಆದರೆ ಕಾರು ತಗಡಿನ ಮೇಲೆ ಹತ್ತಿತು ಅಂದಾಗ ಮೊದಲು ಅಳೆಯಬೇಕಾದದ್ದು ಎತ್ತರವನ್ನೇ. ಅಮೆರಿಕದಲ್ಲಿ ಹಿಂದೆ 27 ಇಂಚು ಇದ್ದ ಇಂಥ ತಗಡನ್ನು ಈಗ 31 ಇಂಚಿಗೆ ಏರಿಸಿದ್ದಾರೆ. ನಾಲ್ಕು ಇಂಚು ಏನು ಮಹಾ ಅನ್ನಿಸುತ್ತೆ, ಅಲ್ವಾ?

ಈ ತಗಡು ಗಾಡಿಯನ್ನು ಗಕ್ಕನೆ ನಿಲ್ಲಿಸಲು ಹಾಕಿದ್ದಲ್ಲ. ಕ್ಯಾಚ್ ಹಿಡಿಯುವಾಗ ಕೈ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಹಾಗೆ ಅದು ಬಾಗಬೇಕು, ಕಂಬ ವಾಲಬೇಕು, ಗಾಡಿ ಅದನ್ನು ಸವರಿಕೊಂಡು ರಸ್ತೆಯ ಉದ್ದಕ್ಕೇ ತಿರುಗಬೇಕು. ಅದಕ್ಕೇ 3 ಮಿ.ಮೀ. ತಗಡು, ಅದಕ್ಕೇ ಆ ಅಲೆ ಅಲೆ ಆಕಾರ. ಒಂದು ತಗಡಿನ ಮೇಲೆ ಇನ್ನೊಂದು ಕೂರುವ ಕಡೆ, ಮನೆಗೆ ಹೆಂಚು ಹೊದಿಸಿದ ಹಾಗೆ, ಗಾಡಿ ಓಡುವ ದಿಕ್ಕಿಗೇ ಮಡಿಕೆ ಇರಬೇಕು. ಉಲ್ಟಾ ಕೂರಿಸಿದರೆ ಅದರ ಅಂಚೇ ಕಾರಿಗೆ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಕಳಚಿ ಗುಜರಿಗೆ ಹೋಗಿದ್ದರಂತೂ ಅದು ಬರೀ ಅಲಂಕಾರ. (2023ರಲ್ಲಿ ವಿದರ್ಭದ ವಣಿ-ವರೋರಾ ಹೆದ್ದಾರಿಯಲ್ಲಿ 200 ಮೀಟರ್ ಉದ್ದ ಬಿದಿರಿನ ತಡೆಬೇಲಿ ಹಾಕಿದರು. ಅದನ್ನು ಯಾವ ಗುಜರಿಯವನೂ ಕೊಳ್ಳಲಾರ ಅನ್ನೋದೇ ನನಗೆ ಹಿಡಿಸಿದ ಗುಣ.)

ಈಗ ನಿಮ್ಮ ಬ್ರಿಟನ್ ಮಾತಿಗೆ ಬರುತ್ತೇನೆ. ನೀವು ಕೇಳಿದ್ದು ನಿಜ. ದಿನಕ್ಕೆ 25,000ಕ್ಕಿಂತ ಜಾಸ್ತಿ ಗಾಡಿ ಓಡುವ ಮೋಟಾರುದಾರಿಗಳ ಡಿವೈಡರಿಗೆ ಕಾಂಕ್ರೀಟ್ ಗೋಡೆಯೇ ಇರಬೇಕು ಅಂತ 2005ರಲ್ಲಿ ಅಲ್ಲಿ ತೀರ್ಮಾನಿಸಿದರು. ಸುಮಾರು 90 ಸೆಂ.ಮೀ. ಎತ್ತರದ ಗೋಡೆ. ಹಳೇ ತಗಡನ್ನೆಲ್ಲ ಒಂದೇ ದಿನ ಕೀಳಲಿಲ್ಲ, ಬದಲಿಸುವ ಸಮಯ ಬಂದ ಕಡೆ ಗೋಡೆ ಹಾಕುತ್ತಾ ಹೋದರು. ಲಾರಿ ಡಿವೈಡರ್ ದಾಟಿ ಎದುರಿನ ಗಾಡಿಗೆ ಬಡಿಯಬಾರದು ಅನ್ನೋದು ಒಂದು ಉದ್ದೇಶ. ರಿಪೇರಿ ಮಾಡುವ ಕೂಲಿಗಳು ಪದೇ ಪದೇ ರಸ್ತೆ ನಡುವೆ ನಿಲ್ಲಬಾರದು ಅನ್ನೋದು ಇನ್ನೊಂದು.

ಹಗಲೂ ರಾತ್ರಿ ಲಾರಿ ಸಾಲು ಹರಿಯುವ ನಮ್ಮ ಪುಣೆ-ಬೆಂಗಳೂರು ರಸ್ತೆಯ ನಡುವೆ ಅಂಥ ಗೋಡೆ ಬೇಕು, ಈ ಮಾತಿಗೆ ನನ್ನ ಸಹಿ ಇದೆ. ಯುರೋಪಿನಲ್ಲಿ ಸಾಮಾನ್ಯ ತಗಡನ್ನು ಒಂದೂವರೆ ಟನ್ನಿನ ಕಾರು ಗುದ್ದಿಸಿ ಪರೀಕ್ಷೆ ಮಾಡುತ್ತಾರೆ. ಅತಿ ಗಟ್ಟಿ ತಡೆಗಳಿಗೆ ಮಾತ್ರ 38 ಟನ್ ಲಾರಿ ಬಿಡುತ್ತಾರೆ. ಗಾಳಿಯಂತ್ರದ ರೆಕ್ಕೆ ಹೊತ್ತ ಲಾರಿಯನ್ನು ಕಾರಿಗೆಂದು ಮಾಡಿದ ತಗಡು ತಡೆಯಲಿ ಅನ್ನೋದು ಅನ್ಯಾಯ. ಆದರೆ ರಸ್ತೆಯ ಪಕ್ಕದಲ್ಲೆಲ್ಲ ಗೋಡೆ ಬೇಡ. ಗೋಡೆ ಬಾಗುವುದಿಲ್ಲ. ಬಾಗದ ಗೋಡೆಗೆ ಸಣ್ಣ ಕಾರು ಅಡ್ಡವಾಗಿ ನುಗ್ಗಿದರೆ ಪೆಟ್ಟೆಲ್ಲ ಒಳಗಿದ್ದವರಿಗೇ.

ಗೋಡೆಗೂ ವಯಸ್ಸಾಗುತ್ತದೆ ಮೇಷ್ಟ್ರೇ. 2013ರ ಜುಲೈನಲ್ಲಿ ಇಟಲಿಯ ಅವೆಲ್ಲಿನೋ ಹತ್ತಿರ ಬ್ರೇಕ್ ಹೋದ ಬಸ್ಸೊಂದು ಮೇಲುಸೇತುವೆಯ ಕಾಂಕ್ರೀಟ್ ತಡೆಗೆ ಒರಗಿತು. ತಡೆಯ ಸಮೇತ ಕೆಳಗೆ ಬಿತ್ತು. 40 ಜನ ಸತ್ತರು. ಕಾಂಕ್ರೀಟು ಗಟ್ಟಿಯಾಗಿಯೇ ಇತ್ತು. ಅದನ್ನು ಸೇತುವೆಗೆ ಹಿಡಿದಿದ್ದ ಬೋಲ್ಟುಗಳು ತುಕ್ಕು ತಿಂದಿದ್ದವು. ಹೆದ್ದಾರಿ ನೋಡಿಕೊಳ್ಳುತ್ತಿದ್ದ ಕಂಪನಿಯ ಅಧಿಕಾರಿಗಳಿಗೆ ಆಮೇಲೆ ಶಿಕ್ಷೆಯಾಯಿತು.

ತಡೆಯ ತುದಿಯನ್ನೂ ನೋಡಿ. ಮೊಂಡಾಗಿ ನಿಂತ ತುದಿ ಈಟಿಯಿದ್ದ ಹಾಗೆ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತದ್ದು ಸೂರ್ಯಾ ನದಿ ಸೇತುವೆಯ ತಡೆಗೋಡೆಗೆ ಕಾರು ಬಡಿದು. ಅಂಥ ತುದಿಗಳ ಮುಂದೆ ಪೆಟ್ಟು ಹೀರುವ ಸಾಧನ ಇಡಬೇಕು, ಅಥವಾ ತುದಿಯನ್ನೇ ರಸ್ತೆಯಿಂದ ದೂರಕ್ಕೆ ಬಾಗಿಸಬೇಕು. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಸತ್ತದ್ದು ರಾಷ್ಟ್ರೀಯ ಹೆದ್ದಾರಿಯಲ್ಲೇ.

ನಮ್ಮವರದ್ದೂ ತಪ್ಪಿದೆ. ಹೊಲಕ್ಕೆ ಸುತ್ತಿ ಹೋಗೋದು ಯಾರು ಅಂತ ಡಿವೈಡರ್ ಒಡೆದು ಬೈಕ್ ನುಗ್ಗುವಷ್ಟು ಕಿಂಡಿ ಮಾಡಿಕೊಂಡವರು ನಮ್ಮ ನಿಮ್ಮ ಊರಿನವರೇ. ಕೆಳಸೇತುವೆ ಎರಡು ಕಿಲೋಮೀಟರ್ ದೂರ ಇಟ್ಟವರನ್ನೂ ಬೈಯಬೇಕು ಬಿಡಿ.

ಏನು ಮಾಡಬಹುದು ಅಂತೀರಾ? ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ ಮುರಿದ ತಡೆಬೇಲಿ ಬಗ್ಗೆ ತಿಳಿಸಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಅರ್ಜಿಯನ್ನೂ ಹಾಕಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಕಲಂ ಸೇರಿಸಿದ್ದಾರೆ. ರಸ್ತೆಯ ವಿನ್ಯಾಸ, ಕೆಲಸ, ನಿರ್ವಹಣೆ ನಿಯಮದ ಪ್ರಕಾರ ಇಲ್ಲದೆ ಸಾವೋ ಅಂಗವೈಕಲ್ಯವೋ ಆದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದು ಕಾಲಿನ ಮುಂದೆ ಅದು ಚಿಲ್ಲರೆ ದುಡ್ಡು. ಆದರೂ ಅರ್ಜಿಯಲ್ಲಿ ಆ ಕಲಂ ಬರೆಯಿರಿ.

ಜೊತೆಗೆ ಆ ಜಾಗದ ಕಿಲೋಮೀಟರ್ ಕಲ್ಲಿನ ಸಂಖ್ಯೆ ನನಗೂ ಕಳಿಸಿ. ಫೋಟೋ ತೆಗೆಯುವುದಾದರೆ ಹಗಲು ಹೊತ್ತು, ಸರ್ವೀಸ್ ರೋಡಿನಿಂದಲೇ ತೆಗೆಯಿರಿ. ತಗಡಿನ ಪಕ್ಕ ಮರದ ಸ್ಕೇಲು ನಿಲ್ಲಿಸಿದರೆ ಎತ್ತರ ಸರಿಯಾಗಿ ಕಾಣುತ್ತೆ. ಮೇಷ್ಟ್ರ ಮನೆಯಲ್ಲಿ ಒಂದಾದರೂ ಇದ್ದೇ ಇರುತ್ತಲ್ಲ.

– ಸಂಪಾದಕ