ಮೊದಲು ಕೇಬಲ್ ನೋಡಿಸಿ, ಆಮೇಲೆ ಸ್ಕ್ರೀನ್

ಅಕ್ಕಾರೇ, 2016ರ ಲ್ಯಾಪ್‌ಟಾಪಿನ ಸ್ಕ್ರೀನ್ ಮಿಣುಕುತ್ತದೆ, ಮುಚ್ಚಳ ಸ್ವಲ್ಪ ಹಿಂದೆ ಸರಿಸಿದರೆ ಸರಿಯಾಗುತ್ತದೆ ಅಂದಿದ್ದೀರಿ. ರಿಪೇರಿ ಮಾಡಿಸಬೇಕಾ, ಧಾರವಾಡದಲ್ಲಿ ಓದುವ ಮಗಳಿಗೆ ಹೊಸದೇ ಕೊಡಿಸಬೇಕಾ ಅಂತ ಕೇಳಿದ್ದೀರಿ.

ಮುಚ್ಚಳ ಸರಿಸಿದಾಗ ಬದಲಾಗುತ್ತದೆ ಅನ್ನೋದೇ ದೊಡ್ಡ ಸುಳಿವು. ಕೀಲಿನ ಹತ್ತಿರದಿಂದ ಸ್ಕ್ರೀನಿಗೆ ಒಂದು ತೆಳು ಕೇಬಲ್ ಹೋಗುತ್ತದೆ. ವರ್ಷಗಟ್ಟಲೆ ತೆಗೆದು ಮುಚ್ಚಿ ಅದು ಸವೆಯುತ್ತದೆ, ಇಲ್ಲವೇ ತುದಿ ಸಡಿಲವಾಗುತ್ತದೆ. ಕೇಬಲ್ ರಿಪೇರಿ ಪ್ಯಾನೆಲ್‌ಗಿಂತ (ಅಂದರೆ ಚಿತ್ರ ಮೂಡುವ ಪರದೆಗಿಂತ) ಬಹಳ ಅಗ್ಗ. ನನಗೆ ಒಬ್ಬರು ನೋಡದೆಯೇ ಹೊಸ ಪ್ಯಾನೆಲ್ ಹಾಕಿದ್ದರು. ವಾರದಲ್ಲಿ ಮತ್ತೆ ಮಿಣುಕಿತು. ತಪ್ಪು ಕೇಬಲ್ಲಿನದೇ ಇತ್ತು. ಆ ದುಡ್ಡು ಹೋಗಿದ್ದು ಇವತ್ತಿಗೂ ಬೇಜಾರು.

ಇವತ್ತೇ ಮನೆಯ ಟಿವಿಗೆ ಎಚ್‌ಡಿಎಂಐ ವೈರ್ ಹಾಕಿ ನೋಡಿ. ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ತೊಂದರೆ ಕೇಬಲ್ ಅಥವಾ ಪ್ಯಾನೆಲ್‌ದು. ಅಲ್ಲೂ ಗೆರೆ ಬಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್ ಕೆಟ್ಟಿರಬಹುದು, ಅಷ್ಟು ಹಳೇದಕ್ಕೆ ಖರ್ಚು ಬೇಡ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಆ ಕಾಲದ ಪ್ರೊಸೆಸರ್‌ಗೆ ಅಧಿಕೃತವಾಗಿ ಸಿಗುವುದಿಲ್ಲ. ಹಾಗಾಗಿ ಪ್ಯಾನೆಲ್ಲೇ ಹೋಗಿದ್ದರೆ ನಾನಂತೂ ಹಾಕಿಸುವುದಿಲ್ಲ. ಕೇಬಲ್ ಆದರೆ ಮಾಡಿಸಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿ. ನೋಟ್ಸ್ ಬರೆಯಲು, ಕ್ಲಾಸ್ ನೋಡಲು ಸಾಕು ಅಲ್ವಾ?

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದಾಗ ಎರಡು ಅಂಗಡಿಯಲ್ಲಿ ಕೇಳಿ. ನಿಮ್ಮ ಎದುರಿಗೇ ಬಿಚ್ಚಲು ಹೇಳಿ. ಅದಕ್ಕೂ ಮೊದಲು ಮಗಳ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.